ಶಿಶುಗೀತೆಯ ಚಿತ್ರಗಳಲ್ಲಿ ನಮ್ಮ ಮಕ್ಕಳ ಆಟ ಎಲ್ಲಿದೆ?

ಬೋಧನಾಭ್ಯಾಸದ ವೇಳಾಪಟ್ಟಿ ಸೂಚನಾ ಫಲಕಕ್ಕೆ ಬಂದ ವಾರ ವಿಜಯಪುರದ ಸ್ಟೇಷನರಿ ಅಂಗಡಿಗಳಲ್ಲಿ ಪ್ರಶಿಕ್ಷಣಾರ್ಥಿಗಳದೇ ಗದ್ದಲ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಅಂಟು, ಬಣ್ಣದ ಕಾಗದ, ಜೊತೆಗೆ ಸಿದ್ಧ ಚಾರ್ಟುಗಳು. ಕೆಳಗಿನ ತರಗತಿಗಳಿಗೆಂದು ಸಿಗುವ ಶಿಶುಗೀತೆಯ ಚಾರ್ಟುಗಳನ್ನು ಒಮ್ಮೆ ಗಮನಿಸಿ ನೋಡಬೇಕು. ಗುಂಗುರು ಕೂದಲಿನ ಹುಡುಗಿ, ಗುಂಡಿ ಹಾಕಿದ ಕೋಟಿನ ಹುಡುಗ, ಹಸಿರು ಗುಡ್ಡ, ಗುಡ್ಡದ ತುದಿಯಲ್ಲೊಂದು ಬಾವಿ, ಹೂವಿನ ನಡುವೆ ಕೈಕೈ ಹಿಡಿದು ಸುತ್ತುವ ಮಕ್ಕಳು. ಯಾರ ಕಾಲಿಗೂ ಮಣ್ಣು ಮೆತ್ತಿಲ್ಲ, ಯಾರ ಅಂಗಿಯೂ ಹರಿದಿಲ್ಲ. ಇವು ಇಂದಿನವಲ್ಲ. ನೂರು ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಮುದ್ರಣವಾದ ಶಿಶುಗೀತೆ ಪುಸ್ತಕಗಳ ಚಿತ್ರಗಳ ನಕಲಿನ ನಕಲುಗಳು.

ಈ ಚಿತ್ರಗಳನ್ನು ಗೋಡೆಯಿಂದ ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಅಭಿಪ್ರಾಯ ಮೂರು ಮಾತಿನದು. ಒಂದು, ಇವುಗಳನ್ನು ಅಲಂಕಾರವಾಗಿ ಅಂಟಿಸುವುದನ್ನು ಬಿಟ್ಟು, ಪ್ರಶ್ನೆ ಕೇಳಿ ಓದಬೇಕಾದ ಪಠ್ಯವಾಗಿ ಮಕ್ಕಳ ಮುಂದಿಡಬೇಕು. ಎರಡು, ಮಕ್ಕಳು ತಮ್ಮ ಆಟವನ್ನು ತಾವೇ ಬಿಡಿಸಿದ ಚಿತ್ರಕ್ಕೆ ಅದೇ ಗೋಡೆಯಲ್ಲಿ ಅಷ್ಟೇ ಜಾಗ ಸಿಗಬೇಕು. ಮೂರು, ಪಾಠ ವೀಕ್ಷಣೆಯ ಅಂಕಪಟ್ಟಿಯಲ್ಲಿ ಇದಕ್ಕೆ ಬೆಲೆ ಸಿಗಬೇಕು. ಮೂರನೆಯದು ಆಗದಿದ್ದರೆ ಮೊದಲೆರಡು ಆಗುವುದಿಲ್ಲ.

ವಿಜ್ಞಾನದವರಿಗೆ ಶಿಶುಗೀತೆ ಏಕೆ?

ಬಿ.ಎಸ್ಸಿ. ಬಿ.ಎಡ್. ಓದುವ ನಾವು 6ರಿಂದ 10ನೇ ತರಗತಿಗೆ ವಿಜ್ಞಾನ, ಗಣಿತ ಕಲಿಸಲು ತಯಾರಾಗುವವರು. ಶಿಶುಗೀತೆಯ ಚಿತ್ರದ ಗೊಡವೆ ನಮಗೇಕೆ ಎಂದು ಸಹಪಾಠಿಗಳು ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ. ಶಾಲಾ ಅನುಭವ ಕಾರ್ಯಕ್ರಮಕ್ಕೆ ಹೋದಾಗ ನಾವು ಇಡೀ ಶಾಲೆಯನ್ನು ವೀಕ್ಷಿಸಿ ವರದಿ ಬರೆಯುತ್ತೇವೆ. ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ನಲಿಕಲಿ ಕೊಠಡಿ ನಮ್ಮ ತರಗತಿಯ ಪಕ್ಕದಲ್ಲೇ ಇರುತ್ತದೆ. 6ನೇ ತರಗತಿಗೆ ಬರುವ ಮಗು ಆ ಕೊಠಡಿಯ ಗೋಡೆಯನ್ನು ನೋಡಿಕೊಂಡೇ ಬಂದಿರುತ್ತದೆ. ಪುಸ್ತಕದಲ್ಲಿ ಬರಬಹುದಾದ ಆಟ ಯಾವುದು, ಬರಲಾರದ ಆಟ ಯಾವುದು ಎಂಬ ತೀರ್ಮಾನ ಅದರ ಮನಸ್ಸಿನಲ್ಲಿ ಅಷ್ಟರಲ್ಲಿ ಆಗಿಬಿಟ್ಟಿರುತ್ತದೆ.

ಎರಡನೆಯ ಉತ್ತರ ನೇರವಾಗಿ ನಮ್ಮ ಪಾಠಯೋಜನೆಗೆ ಸಂಬಂಧಿಸಿದ್ದು. ಪೂರ್ವಜ್ಞಾನ ಎಂಬ ಕಲಮಿನಲ್ಲಿ ನಾವು ಬರೆಯುವುದು ಸಾಮಾನ್ಯವಾಗಿ ಹಿಂದಿನ ತರಗತಿಯ ಪಾಠವನ್ನು. ಆದರೆ ಚಲನೆ, ಬಲ, ಘರ್ಷಣೆ, ಆವರ್ತ ಚಲನೆ ಇವೆಲ್ಲದರ ಪೂರ್ವಜ್ಞಾನ ಮಗುವಿಗೆ ಬಂದಿರುವುದು ಅಂಗಳದ ಆಟದಿಂದ. ಗೋಡೆಯ ಚಿತ್ರ ಆ ಆಟವನ್ನು ಕಾಣದಂತೆ ಮಾಡಿದರೆ ನಷ್ಟ ನಮ್ಮ ವಿಜ್ಞಾನ ಪಾಠಕ್ಕೇ.

ಈ ಚಿತ್ರಗಳು ಎಲ್ಲಿಂದ ಬಂದವು?

ಶಿಕ್ಷಣದ ಇತಿಹಾಸದ ಪತ್ರಿಕೆಯಲ್ಲಿ ನಾವೆಲ್ಲ ಕೊಮೆನಿಯಸ್ ಬಗ್ಗೆ ಓದುತ್ತೇವೆ. ಅವರು 1658ರಲ್ಲಿ ಪ್ರಕಟಿಸಿದ ‘ಆರ್ಬಿಸ್ ಪಿಕ್ಟಸ್’ ಮಕ್ಕಳಿಗಾಗಿಯೇ ಚಿತ್ರ ಹಾಕಿ ಬರೆದ ಮೊದಮೊದಲ ಪಠ್ಯಪುಸ್ತಕಗಳಲ್ಲಿ ಒಂದು. ಅದರಲ್ಲಿ ಹುಡುಗರ ಆಟಗಳಿಗೇ ಒಂದು ಪಾಠವಿದೆ. ಬುಗುರಿ ಇದೆ, ಜೋಕಾಲಿ ಇದೆ. ಚಿತ್ರದಲ್ಲಿನ ಒಂದೊಂದು ವಸ್ತುವಿಗೂ ಅಂಕಿ ಕೊಟ್ಟು, ಅದೇ ಅಂಕಿಯನ್ನು ಪಠ್ಯದ ಪದದ ಪಕ್ಕದಲ್ಲಿ ಹಾಕಿದ್ದಾರೆ. ಆಟವೂ ಕಲಿಯತಕ್ಕ ವಿಷಯವೇ ಎಂದು ಆ ಪುಸ್ತಕ ಒಪ್ಪಿಕೊಂಡಿತ್ತು. ಪಾಠದ ತಲೆಬರಹದಲ್ಲಿ ಮಾತ್ರ ಹುಡುಗಿಯರಿಲ್ಲ.

1744ರಲ್ಲಿ ಲಂಡನ್ನಿನ ಪ್ರಕಾಶಕ ಜಾನ್ ನ್ಯೂಬೆರಿ ಮಕ್ಕಳಿಗಾಗಿ ಒಂದು ಪುಟ್ಟ ಜೇಬಿನ ಪುಸ್ತಕ ತಂದರು. ಅದರಲ್ಲಿ ಅಕ್ಷರಕ್ಕೊಂದು ಆಟ, ಆಟಕ್ಕೊಂದು ಮರದಚ್ಚಿನ ಚಿತ್ರ, ಅದರ ಕೆಳಗೆ ಪ್ರಾಸದ ಪದ್ಯ, ಪದ್ಯದ ಕೆಳಗೆ ನೀತಿ. ಗೋಲಿಯಾಟವಾಗಲಿ ಗಾಳಿಪಟವಾಗಲಿ, ಆಡಿ ಸುಮ್ಮನಾಗುವಂತಿಲ್ಲ, ಕೊನೆಗೊಂದು ಬುದ್ಧಿವಾದ ಇರಲೇಬೇಕು. ಪುಸ್ತಕದ ಜೊತೆಗೆ ಹುಡುಗರು ಕೊಂಡರೆ ಚೆಂಡು ಸಿಗುತ್ತಿತ್ತು, ಹುಡುಗಿಯರು ಕೊಂಡರೆ ಗುಂಡುಸೂಜಿ ಚುಚ್ಚುವ ಪುಟ್ಟ ಮೆತ್ತೆ. ಆಟದ ಚಿತ್ರಕ್ಕೆ ನೀತಿ ಅಂಟಿಸುವುದು, ಹುಡುಗನಿಗೆ ಚೆಂಡು ಹುಡುಗಿಗೆ ಸೂಜಿ ಎಂದು ಹಂಚುವುದು, ಈ ಎರಡೂ ಅಭ್ಯಾಸಗಳಿಗೆ ಇಷ್ಟು ವಯಸ್ಸಾಗಿದೆ. ಚಟುವಟಿಕೆ ಮುಗಿದ ಕೂಡಲೇ ‘ಇದರಿಂದ ನಾವು ಕಲಿತ ಮೌಲ್ಯ’ ಎಂದು ಕಪ್ಪುಹಲಗೆಯ ಮೇಲೆ ಬರೆಸುವ ನಮ್ಮ ರೂಢಿ ಆ ಪುಸ್ತಕದಿಂದ ಬಹಳ ದೂರವೇನೂ ಇಲ್ಲ.

ಇಂದು ಚಾರ್ಟಿನಲ್ಲಿ ಕಾಣುವ ಸುಂದರ, ಶಾಂತ ಬಾಲ್ಯದ ಮೂಲ ಹುಡುಕಿದರೆ ನಾವು ತಲುಪುವುದು ಕೇಟ್ ಗ್ರೀನ್‌ಅವೇ ಎಂಬ ಚಿತ್ರಕಾರ್ತಿಯ ಬಳಿಗೆ. ಅವರು ಚಿತ್ರ ಬರೆದ ‘ಮದರ್ ಗೂಸ್’ ಶಿಶುಗೀತೆಗಳ ಪುಸ್ತಕ 1881ರಲ್ಲಿ ಬಂತು. ಗುಲಾಬಿ ಹೂವಿನ ಹೆಸರು ಹಿಡಿದು ಸುತ್ತು ತಿರುಗಿ ಕೆಳಗೆ ಬೀಳುವ ಆಟದ ಹಾಡು ಆ ಪುಸ್ತಕದಲ್ಲಿದೆ. ಗಮನಿಸಬೇಕಾದ ಸಂಗತಿಯೆಂದರೆ, ಅವರು ಮಕ್ಕಳಿಗೆ ತೊಡಿಸಿದ ಉಡುಪು ಅವರ ಕಾಲದ್ದೂ ಅಲ್ಲ, ಅದಕ್ಕಿಂತ ಎರಡು ಮೂರು ತಲೆಮಾರು ಹಿಂದಿನದು. ಅಂದರೆ ಆ ಚಿತ್ರಗಳು ಮುದ್ರಣವಾದ ದಿನವೇ ಹಳೆಯ ನೆನಪಿನ ಚಿತ್ರಗಳಾಗಿದ್ದವು. ಇಂಗ್ಲೆಂಡಿನಲ್ಲಿ 10 ವರ್ಷದವರೆಗಿನ ಮಕ್ಕಳಿಗೆ ಶಾಲಾ ಹಾಜರಾತಿ ಕಡ್ಡಾಯವಾದದ್ದು ಅದರ ಹಿಂದಿನ ವರ್ಷ, 1880ರಲ್ಲಿ. ಅದಕ್ಕಿಂತ ದೊಡ್ಡ ಮಕ್ಕಳು ಗಿರಣಿಗಳಲ್ಲಿ ದುಡಿಯುತ್ತಿದ್ದ ಕಾಲ ಅದು. ಚಿತ್ರದ ಮಕ್ಕಳ ಬಟ್ಟೆಗೆ ಹೊಗೆಯ ಮಸಿ ತಾಗಿಲ್ಲ. ಬಾಲ್ಯ ಹೀಗಿರಬೇಕಿತ್ತು ಎಂದು ದೊಡ್ಡವರು ಬಯಸಿದ್ದನ್ನು ಅವರು ಬಿಡಿಸಿದರು. ಅದು ತಪ್ಪೇನಲ್ಲ. ಆದರೆ ಬಯಕೆಯ ಚಿತ್ರವನ್ನು ಇದ್ದ ಬಾಲ್ಯದ ಚಿತ್ರವೆಂದು ನಾವು ಓದಬಾರದು.

ಅದೇ ಕಾಲದ ರಾಂಡಾಲ್ಫ್ ಕಾಲ್ಡೆಕಾಟ್ ಬೇರೆ ದಾರಿ ಹಿಡಿದವರು. ಇಬ್ಬರೂ 1846ರಲ್ಲಿ ಹುಟ್ಟಿದವರು, ಇಬ್ಬರ ಪುಸ್ತಕಗಳನ್ನೂ ಬಣ್ಣದಲ್ಲಿ ಅಚ್ಚು ಹಾಕಿದವರು ಎಡ್ಮಂಡ್ ಇವಾನ್ಸ್. ಕಾಲ್ಡೆಕಾಟ್ ಚಿತ್ರದಲ್ಲಿ ಓಟವಿದೆ, ನೆಗೆತವಿದೆ, ನಗೆಯಿದೆ. ಒಂದೇ ಮುದ್ರಣಾಲಯದಿಂದ ಬಂದ ಈ ಎರಡು ಬಗೆಯಲ್ಲಿ ನಮ್ಮ ಚಾರ್ಟುಗಳು ಹೆಚ್ಚಾಗಿ ಆರಿಸಿಕೊಂಡದ್ದು ನಿಂತು ನೋಡುವ, ಅಂದವಾಗಿ ಕಾಣುವ ಮಕ್ಕಳನ್ನು.

ಇವೆಲ್ಲಕ್ಕಿಂತ ಹಿಂದೆ, 1560ರಲ್ಲಿ, ಬ್ರೂಗೆಲ್ ಎಂಬ ಚಿತ್ರಕಾರ ಒಂದೇ ಫಲಕದಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು, ಸುಮಾರು 80 ಆಟಗಳನ್ನು ಬಿಡಿಸಿದ್ದಾರೆ. ಅದು ಶಿಶುಗೀತೆಗೆ ಬರೆದ ಚಿತ್ರವಲ್ಲ, ಇಂದು ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಟಿಕೋಟಾದ ಮಗು ಅದನ್ನು ನೋಡಿದರೆ ತನ್ನ ಓಣಿಯನ್ನೇ ಗುರುತಿಸಬಲ್ಲದು. ಮುಂಭಾಗದಲ್ಲಿ ಬಳೆಯಾಕಾರದ ಚಕ್ರ ಉರುಳಿಸುವವರಿದ್ದಾರೆ, ನಮ್ಮಲ್ಲಿ ಟೈರು ಉರುಳಿಸಿದ ಹಾಗೆ. ಮೂಲೆಯಲ್ಲಿ ಮೂಳೆಯ ತುಂಡು ಹಾರಿಸಿ ಹಿಡಿಯುವವರಿದ್ದಾರೆ, ನಮ್ಮಲ್ಲಿ ಗಜ್ಜುಗ ಆಡಿದ ಹಾಗೆ. ದೂರದ ಚಿತ್ರ ಎಂಬ ಕಾರಣಕ್ಕೇ ಅದು ಪರಕೀಯವಾಗಬೇಕಿಲ್ಲ. ಆಡುತ್ತಿರುವ ಮಗುವನ್ನು ನಿಜವಾಗಿ ನೋಡಿ ಬರೆದ ಚಿತ್ರ ಎಲ್ಲಿಯದಾದರೂ ನಮ್ಮದಾಗುತ್ತದೆ.

ಗುಡ್ಡದ ಮೇಲಿನ ಬಾವಿ, ಬೇಡವಾದ ಮಳೆ

ಟಿಕೋಟಾ ಕಡೆಯ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ಸಮಯದಲ್ಲಿ 6ನೇ ತರಗತಿಗೆ ಒಂದು ಖಾಲಿ ಅವಧಿ ಸಿಕ್ಕಿತು. ಜ್ಯಾಕ್ ಮತ್ತು ಜಿಲ್ ಎಂಬ ಮಕ್ಕಳು ಗುಡ್ಡ ಹತ್ತಿ ನೀರಿಗೆ ಹೋಗುವ ಹಳೆಯ ಚಿತ್ರವೊಂದನ್ನು ಮುದ್ರಿಸಿಕೊಂಡು ಹೋಗಿದ್ದೆ. ಹಾಡು ಹೇಳಿಸದೆ, ಚಿತ್ರ ನೋಡಿ ಏನನ್ನಿಸುತ್ತದೆ ಎಂದು ಮಾತ್ರ ಕೇಳಿದೆ. ಮೊದಲು ಎದ್ದು ನಿಂತ ಹುಡುಗಿಯ ಪ್ರಶ್ನೆ ಇದು: “ಟೀಚರ್‌ರಿ, ಗುಡ್ಡದ ಮ್ಯಾಲ ಬಾಂವಿ ಹೆಂಗ ಇರತೈತ್ರಿ? ನೀರು ತಳಗ ಇರತಾವಲ್ರಿ?” ಹಿಂದಿನ ಸಾಲಿನ ಹುಡುಗ ಕುಳಿತಲ್ಲಿಂದಲೇ ಉತ್ತರ ಕೊಟ್ಟ: “ಅವರ ಕಡೆ ಮಳಿ ಭಾಳ ಇರಬೇಕಲೇ, ಅದಕ ಮ್ಯಾಲನ ಸಿಗತಾವು.”

ಅಂತರ್ಜಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಯಾವ ಪಾಠಯೋಜನೆಯಲ್ಲೂ ನಾನು ನೋಡಿಲ್ಲ. ಆ ಹುಡುಗಿಯ ಊರಿನಲ್ಲಿ ನೀರೆಂದರೆ ಕೆಳಗಿಳಿಯುವುದು. ವಿಜಯಪುರದ ತಾಜ್ ಬಾವಡಿ (1620), ಚಾಂದ್ ಬಾವಡಿ (1579) ಎರಡರಲ್ಲೂ ಮೆಟ್ಟಿಲು ಇಳಿದೇ ನೀರು ಮುಟ್ಟಬೇಕು. ಕಪ್ಪು ಮಣ್ಣಿನ ಕೆಳಗಿನ ಬಸಾಲ್ಟ್ ಬಂಡೆಯ ಬಿರುಕುಗಳಲ್ಲಿ ನೀರು ನಿಲ್ಲುವುದು, ಬೋರ್‌ವೆಲ್ ಕೊರೆದಷ್ಟೂ ಆಳಕ್ಕೆ ಹೋಗುವುದು, ಇವು ಆ ಮಕ್ಕಳ ಮನೆಯಲ್ಲಿ ದಿನವೂ ನಡೆಯುವ ಮಾತು. ನೀರಿಳಿಯದ ಪದರ ಅಡ್ಡ ಬಂದರೆ ಗುಡ್ಡದ ಮೇಲೂ ಒರತೆ ಹುಟ್ಟಬಹುದು ಎಂಬ ವಿವರಣೆಯನ್ನು ಆಮೇಲೆ ಕೊಡಬಹುದು. ಪ್ರಶ್ನೆ ಮಾತ್ರ ಚಿತ್ರ ಮತ್ತು ಮಗುವಿನ ಅನುಭವ ಒಂದಕ್ಕೊಂದು ಹೊಂದದೆ ಇದ್ದುದರಿಂದಲೇ ಹುಟ್ಟಿತು. ಚಿತ್ರ ಗೋಡೆಯ ಮೇಲೆ ಸುಮ್ಮನೆ ಇದ್ದಿದ್ದರೆ ಆ ಪ್ರಶ್ನೆಯೂ ಮಗುವಿನೊಳಗೆ ಸುಮ್ಮನೆ ಉಳಿಯುತ್ತಿತ್ತು.

ಇದೇ ಚಿತ್ರದಲ್ಲಿ ಇನ್ನೊಂದು ಪಾಠವಿದೆ. ಈ ಪದ್ಯದ 18ನೇ ಶತಮಾನದ ಮುದ್ರಣದ ಮರದಚ್ಚಿನಲ್ಲಿ ಇಬ್ಬರೂ ಹುಡುಗರೇ. ಹುಡುಗ ಹುಡುಗಿಯ ಜೋಡಿಯಾಗಿ ನಮಗೆ ಪರಿಚಯವಾಗಿರುವುದು ಆಮೇಲಿನ ಚಿತ್ರಗಳಿಂದ. ಪದ್ಯ ಅದೇ ಇದ್ದರೂ ಚಿತ್ರ ಬದಲಾದರೆ ಅರ್ಥ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಮಳೆಯ ಉದಾಹರಣೆ ಇನ್ನೂ ಸ್ಪಷ್ಟ. ಮಳೆಗೆ ಹೊರಟುಹೋಗು, ಇನ್ನೊಂದು ದಿನ ಬಾ ಎಂದು ಹೇಳುವ ಇಂಗ್ಲಿಷ್ ಶಿಶುಗೀತೆ ಎಲ್ಲ ಚಾರ್ಟಿನಲ್ಲೂ ಇದೆ. ಚಿತ್ರದಲ್ಲಿ ಮಕ್ಕಳು ಕಿಟಕಿಯ ಗಾಜಿಗೆ ಮುಖ ಒತ್ತಿ ಬೇಸರದಿಂದ ನಿಂತಿರುತ್ತಾರೆ. ವರ್ಷವಿಡೀ ತುಂತುರು ಬೀಳುವ ನಾಡಿನಲ್ಲಿ ಅದು ಸಹಜ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ನಂಬಿ ಬಿತ್ತುವ ನಮ್ಮ ಜಿಲ್ಲೆಯಲ್ಲಿ ಮಕ್ಕಳು ಆಡುವ ಮಳೆಯ ಆಟ ಇದಕ್ಕೆ ಪೂರ್ತಿ ವಿರುದ್ಧ. ಮಳೆ ತಡವಾದರೆ ಸಗಣಿಯಲ್ಲಿ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸಿ, ಹಂಚಿನ ಮೇಲಿಟ್ಟು, ಒಬ್ಬನ ತಲೆಯ ಮೇಲೆ ಹೊರಿಸುತ್ತಾರೆ. ಹಿಂದೆ ಮಕ್ಕಳ ಗುಂಪು ಹಾಡುತ್ತ ಮನೆಮನೆಗೆ ಹೋಗುತ್ತದೆ. ಮನೆಯವರು ಗುರ್ಜಿಯ ಮೇಲೆ ನೀರು ಸುರಿಯುತ್ತಾರೆ, ಹೊತ್ತವನು ಗರಗರ ತಿರುಗುತ್ತಾನೆ, ನೀರು ಸುತ್ತಲೂ ಚಿಮ್ಮುತ್ತದೆ. ಕೊಟ್ಟ ಜೋಳ, ಹಿಟ್ಟನ್ನು ಕೂಡಿಸಿ ಅಡುಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಇದು ಹಾಡೂ ಹೌದು, ಆಟವೂ ಹೌದು, ಊರಿನ ಆತಂಕವನ್ನು ಮಕ್ಕಳು ಹಂಚಿಕೊಂಡ ಬಗೆಯೂ ಹೌದು. ಇದರ ಚಿತ್ರವಿರುವ ಚಾರ್ಟನ್ನು ವಿಜಯಪುರದ ಅಂಗಡಿಗಳಲ್ಲಿ ನಾನು ಈವರೆಗೆ ಕಂಡಿಲ್ಲ. ಮಳೆ ಬೇಡ ಎಂಬ ಹಾಡನ್ನು ಬಾಯಿಪಾಠ ಮಾಡಿದ ಮಗುವೇ ಸಂಜೆ ಮಳೆ ಕರೆಯಲು ಗುರ್ಜಿಯ ಹಿಂದೆ ಓಡುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ‘ಒಂದೂರಿನ ಮಕ್ಕಳು ಮಳೆಯನ್ನು ಯಾಕೆ ಕಳಿಸುತ್ತಾರೆ, ಇನ್ನೊಂದೂರಿನವರು ಯಾಕೆ ಕರೆಯುತ್ತಾರೆ’ ಎಂದು ಕೇಳಿದರೆ ಭೂಗೋಳ, ವಿಜ್ಞಾನ, ಭಾಷೆ ಮೂರೂ ಒಂದೇ ಅವಧಿಯಲ್ಲಿ ನಡೆಯುತ್ತವೆ.

ಕನ್ನಡದಲ್ಲಿ ಪದ್ಯ ಬಂತು

ಶಿಶುಗೀತೆಯನ್ನು ನಮ್ಮದಾಗಿಸುವ ಕೆಲಸ ಕನ್ನಡದಲ್ಲಿ ನಡೆಯಲಿಲ್ಲ ಎಂದಲ್ಲ. ಅದನ್ನು ಮುಂದೆ ನಿಂತು ಮಾಡಿದವರಲ್ಲಿ ಶಿಕ್ಷಕರಿದ್ದರು. ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ ದುಡಿದವರು. ಜಿ. ಪಿ. ರಾಜರತ್ನಂ ಚಿಕ್ಕ ಮಕ್ಕಳ ತರಗತಿಗೆ ಪಾಠ ಹೇಳಲು ನಿಂತಾಗ ಆಗ ಬಳಕೆಯಲ್ಲಿದ್ದ ಪದ್ಯಗಳು ಮಕ್ಕಳ ನಾಲಿಗೆಗೆ ಹಿಡಿಸದ್ದನ್ನು ಕಂಡು ತಾವೇ ಬರೆಯಲು ತೊಡಗಿದರು. ಅವರ ‘ತುತ್ತೂರಿ’ ಪದ್ಯ ಪೂರ್ತಿಯಾಗಿ ಒಂದು ಆಟಿಕೆಯ ಕಥೆ. ಹುಡುಗ ತಗಡಿನ ತುತ್ತೂರಿ ಕೊಳ್ಳುತ್ತಾನೆ, ಜಂಬ ಪಡುತ್ತಾನೆ, ಅದು ನೀರಿಗೆ ಬೀಳುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಮೂಲ ಬ್ರೌನಿಂಗ್ ಕವಿಯ ಪದ್ಯ. ಅದೇ ಪದ್ಯಕ್ಕೆ 1888ರಲ್ಲಿ ಚಿತ್ರ ಬರೆದವರು ಮೇಲೆ ಹೇಳಿದ ಕೇಟ್ ಗ್ರೀನ್‌ಅವೇ. ಕುವೆಂಪು ಜರ್ಮನಿಯ ಊರನ್ನು ಬಿಟ್ಟು ಕಥೆಯನ್ನು ಬೊಮ್ಮನಹಳ್ಳಿಗೆ ತಂದರು, ಇಲಿಗಳಿಗೂ ಮಕ್ಕಳಿಗೂ ಕನ್ನಡದ ನಡೆ ಕೊಟ್ಟರು. ಹೊರಗಿನದನ್ನು ತಿರಸ್ಕರಿಸದೆ ಒಳಗಿನದಾಗಿ ಮಾಡಿಕೊಳ್ಳುವ ದಾರಿ ಇದು.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ವಿಶೇಷ ಹೆಮ್ಮೆಯಿದೆ. ಶಂ. ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಅವರಂಥ ಮಕ್ಕಳ ಕವಿಗಳು ಇಲ್ಲಿಯವರು. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಈ ಭಾಗದ ತಾಯಂದಿರ ತ್ರಿಪದಿಗಳಲ್ಲಿ ಆಟಕ್ಕೆ ಇರುವ ಜಾಗವನ್ನು ನೋಡಬೇಕು. ಮಗು ಆಡಿ ಬರಲಿ ಎನ್ನುತ್ತಾಳೆ ತಾಯಿ. ಅಂಗಾಲಿಗೆ ಮಣ್ಣಾದರೆ ಆಗಲಿ, ಬಂದ ಮೇಲೆ ತೊಳೆಯುವವಳು ತಾನಿದ್ದೇನೆ. ಚಾರ್ಟಿನ ಮಗುವಿಗೆ ಮಣ್ಣೇ ಅಂಟಿಲ್ಲ. ನಮ್ಮ ಹಾಡಿನ ಮಗುವಿನ ಕಾಲಿಗೆ ಮಣ್ಣಿದೆ, ಅದನ್ನು ತೊಳೆಯುವ ಪ್ರೀತಿಯೂ ಇದೆ.

ಪದ್ಯಗಳು ಹೀಗೆ ಮನೆಗೆ ಬಂದವು. ಚಿತ್ರ ಬರಲಿಲ್ಲ ಎಂಬುದು ನನ್ನ ತಕರಾರು. ಕನ್ನಡ ಪದ್ಯದ ಪಕ್ಕದಲ್ಲೂ ಬೂಟು ತೊಟ್ಟ ಅದೇ ಗುಂಗುರು ಕೂದಲಿನ ಮಗುವನ್ನು ನಿಲ್ಲಿಸಿದ ಚಾರ್ಟುಗಳು ಸಿಗುತ್ತವೆ. ಬಬಲೇಶ್ವರ ಕಡೆಯ ಶಾಲೆಯೊಂದಕ್ಕೆ ವೀಕ್ಷಣೆಗೆ ಹೋದಾಗ ಚಿಕ್ಕ ಮಕ್ಕಳ ಕೊಠಡಿಯ ಗೋಡೆಯ ಮೇಲೆ ಹಿಮದ ಗೊಂಬೆಯ ಸುತ್ತ ಕುಣಿಯುವ ಮಕ್ಕಳ ಬಣ್ಣದ ಚಿತ್ರ ಕಂಡೆ. ಹೊರಗೆ ಬಯಲಿನಲ್ಲಿ ಅದೇ ಮಕ್ಕಳು ಜೋಳದ ದಂಟು ಸೀಳಿ ಬಂಡಿ ಕಟ್ಟುತ್ತಿದ್ದರು. ಗಾಲಿ, ಅಚ್ಚು, ನೊಗ, ಎಲ್ಲವೂ ದಂಟು ಮತ್ತು ಬೆಂಡಿನವು. ಮೊಳೆಯಿಲ್ಲ, ಅಂಟಿಲ್ಲ.

ಆಡುವವರು ಯಾರು, ನೋಡುವವರು ಯಾರು?

ಇಷ್ಟು ಹೇಳಿದ ಮೇಲೆ ಒಂದು ಎಚ್ಚರದ ಮಾತು. ವಿದೇಶದ ಚಿತ್ರದ ಜಾಗದಲ್ಲಿ ಹಳ್ಳಿಯ ಆಟದ ಚಿತ್ರ ಅಂಟಿಸಿ, ‘ಆಹಾ, ನಮ್ಮ ಬಾಲ್ಯವೇ ಬಾಲ್ಯ’ ಎಂದರೆ ನಾವೂ ಗ್ರೀನ್‌ಅವೇ ಮಾಡಿದ್ದನ್ನೇ ಮಾಡಿದಂತಾಗುತ್ತದೆ. ಅಂಗಳದ ಆಟದಲ್ಲೂ ಹೊರಗೆ ನಿಲ್ಲುವವರಿದ್ದಾರೆ.

ಅದೇ 6ನೇ ತರಗತಿಗೆ, ನೀವು ನಿನ್ನೆ ಆಡಿದ ಆಟ ಬಿಡಿಸಿ ಎಂದು ಹಾಳೆ ಕೊಟ್ಟೆ. ಚಿಣಿಪಣಿ, ಲಗೋರಿ, ಕ್ರಿಕೆಟ್ ಬಂದವು. ದ್ರಾಕ್ಷಿ ಕ್ರೇಟಿಗೆ ಹಗ್ಗ ಕಟ್ಟಿ ತಮ್ಮನನ್ನು ಕೂರಿಸಿ ಎಳೆಯುವ ಚಿತ್ರ ಬಂತು. ಟಿಕೋಟಾ ಭಾಗದ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡುಗಳ ನಡುವೆ ಬೆಳೆದ ಮಗು ಮಾತ್ರ ಬಿಡಿಸಬಲ್ಲ ಚಿತ್ರ ಅದು. ಮೊಬೈಲ್ ಹಿಡಿದು ಕುಳಿತ ಮೂವರ ಚಿತ್ರವೂ ಬಂತು. ಒಬ್ಬ ಹುಡುಗಿ ಕುಂಟಾಟದ ಚೌಕಗಳನ್ನು ಬಿಡಿಸಿ, ಅದರ ಹೊರಗೆ ತನ್ನನ್ನು ನಿಲ್ಲಿಸಿಕೊಂಡಿದ್ದಳು, ಕಂಕುಳಲ್ಲಿ ತಂಗಿ. “ಇಕಿನ್ನ ಕೆಳಗ ಬಿಟ್ಟರ ಅಳತಾಳ್ರಿ, ಅದಕ ನಾ ಆಡಂಗಿಲ್ಲ, ಔಟ್ ಆದವರನ್ನ ಹೇಳತೀನಿ” ಎಂದಳು. 1744ರಲ್ಲಿ ಹುಡುಗಿಗೆ ಸೂಜಿಯ ಮೆತ್ತೆ ಕೊಟ್ಟ ಪುಸ್ತಕಕ್ಕೂ ಈ ಚಿತ್ರಕ್ಕೂ ನಡುವೆ ಹೆಚ್ಚು ಅಂತರವಿಲ್ಲ.

ಈ ಚಿತ್ರ ಬರದಿದ್ದರೆ ಆ ಹುಡುಗಿ ಆಡುವುದಿಲ್ಲ ಎಂಬುದು ನನಗೆ ತಿಳಿಯುತ್ತಲೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳು ಇದ್ದಾಳೆ, ಪರೀಕ್ಷೆಯಲ್ಲಿ ಅಂಕವೂ ಇದೆ. ಆಟದಲ್ಲಿ ಅವಳ ಗೈರುಹಾಜರಿ ಯಾವ ದಾಖಲೆಯಲ್ಲೂ ಸಿಗದು. ಮಕ್ಕಳ ಚಿತ್ರ ಬೇಕು ಎಂದು ನಾನು ವಾದಿಸುವುದಕ್ಕೆ ಮುಖ್ಯ ಕಾರಣ ಇದು. ಸಿದ್ಧ ಚಾರ್ಟು ನಮಗೆ ಒಂದು ಮಗುವಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ವಿಜ್ಞಾನ ಪಾಠದಲ್ಲಿ ಬಳಕೆ

ಸರಳ ಲೋಲಕದ ಪಾಠವನ್ನು ತೆಗೆದುಕೊಳ್ಳಿ. ನಾಗರ ಪಂಚಮಿಗೆ ನಮ್ಮಲ್ಲಿ ಜೋಕಾಲಿ ಕಟ್ಟದ ಊರಿಲ್ಲ. ಕೊಮೆನಿಯಸ್ ಪುಸ್ತಕದ ಜೋಕಾಲಿಯ ಚಿತ್ರವನ್ನೂ ಮಕ್ಕಳು ಬಿಡಿಸಿದ ಪಂಚಮಿಯ ಜೋಕಾಲಿಯನ್ನೂ ಒಟ್ಟಿಗೆ ತೂಗುಹಾಕಿ, ಯಾವುದು ಒಂದು ಸುತ್ತಿಗೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಕೇಳಬಹುದು. ಹೆಚ್ಚಿನ ಮಕ್ಕಳು ಜೋರಾಗಿ ತೂಗುವವರದು ಎನ್ನುತ್ತಾರೆ. ನಂತರ ದಾರ, ಕಲ್ಲು ಕೊಟ್ಟು ಅಳೆಸಬೇಕು. 1 ಮೀಟರ್ ದಾರಕ್ಕೆ ಒಂದು ಪೂರ್ಣ ಆಂದೋಲನಕ್ಕೆ ಸುಮಾರು 2 ಸೆಕೆಂಡು. ಉದ್ದ ನಾಲ್ಕು ಪಟ್ಟಾಗಿ 4 ಮೀಟರ್ ಆದರೆ ಸುಮಾರು 4 ಸೆಕೆಂಡು, ಅಂದರೆ ಎರಡು ಪಟ್ಟು ಮಾತ್ರ. ಹುಣಸೆ ಮರದ ಎತ್ತರದ ಕೊಂಬೆಗೆ ಕಟ್ಟಿದ ಜೋಕಾಲಿ ನಿಧಾನವಾಗಿ ತೂಗುವುದೇಕೆ ಎಂದು ಆಮೇಲೆ ಅವರೇ ಹೇಳುತ್ತಾರೆ.

ಪಂಚಮಿಯ ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ, ಹುರಿಮಾಡಿ ಎಳೆದು ಬಿಡುವ ಆಟದಲ್ಲಿ ತಿರುಚಿದ ದಾರದ ಶಕ್ತಿ ತಿರುಗುವ ಚಲನೆಯಾಗುತ್ತದೆ. ಬುಗುರಿಯ ಮೊಳೆಯ ತುದಿ ಚೂಪಾಗಿದ್ದರೆ ಹೆಚ್ಚು ಹೊತ್ತು ತಿರುಗುವುದು ಘರ್ಷಣೆಯ ಪಾಠ. ಚಿಣಿಯ ತುದಿಗೆ ಹೊಡೆದಾಗ ಅದು ಮೇಲೇಳುವುದು ಸನ್ನೆಯ ತತ್ವ. ಲಗೋರಿಯಲ್ಲಿ ದೊಡ್ಡ ಕಲ್ಲು ಕೆಳಗೇ ಇರಬೇಕೆಂಬುದು ಗುರುತ್ವ ಕೇಂದ್ರದ ಪಾಠ. ಪಾಠೋಪಕರಣಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಎರಡು ಆಕ್ಷೇಪಗಳು

ಮೊದಲನೆಯದು, ಪಾಲಕರಿಗೆ ಇಂಗ್ಲಿಷ್ ಶಿಶುಗೀತೆ ಬೇಕು ಎಂಬುದು. 2019–20ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಬಂದಿವೆ. ಕೂಲಿಗೆ ಹೋಗುವ ತಂದೆತಾಯಿ ತಮ್ಮ ಮಗು ಇಂಗ್ಲಿಷ್ ಹಾಡು ಹೇಳಿದ್ದನ್ನು ಕೇಳಿ ಸಂತೋಷ ಪಡುವುದನ್ನು ನಾನೂ ನೋಡಿದ್ದೇನೆ. ಆ ಸಂತೋಷವನ್ನು ಕಸಿಯುವ ಹಕ್ಕು ನಮಗಿಲ್ಲ. ಹಾಡು ಇರಲಿ. ಹಾಡಿನ ಚಿತ್ರದ ಮುಂದೆ ಮಗು ಬಾಯಿ ಬಿಡಲಿ ಎಂಬುದಷ್ಟೇ ನನ್ನ ಮಾತು. ಚಿತ್ರದ ಬಗ್ಗೆ ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳಿದ ಮಗು ಇಂಗ್ಲಿಷನ್ನೂ ಚೆನ್ನಾಗಿಯೇ ಕಲಿಯುತ್ತದೆ.

ಎರಡನೆಯದು, 40 ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬುದು. ಪೀಠಿಕೆಗೆ ನಾವು ಹೇಗೂ ಐದು ನಿಮಿಷ ಕೊಡುತ್ತೇವೆ. ಉತ್ತರ ಮೊದಲೇ ಗೊತ್ತಿರುವ ನಾಲ್ಕು ಪ್ರಶ್ನೆ ಕೇಳಿ, ಐದನೆಯದಕ್ಕೆ ಮಕ್ಕಳು ಸುಮ್ಮನಾದಾಗ ಪಾಠದ ಶೀರ್ಷಿಕೆ ಬರೆಯುವುದು ನಮ್ಮ ರೂಢಿ. ಆ ಐದು ನಿಮಿಷವನ್ನು ಒಂದು ಚಿತ್ರಕ್ಕೆ ಕೊಟ್ಟರೆ ಸಾಕು.

ಏನು ಮಾಡಬಹುದು?

ಪ್ರಶಿಕ್ಷಣಾರ್ಥಿಗಳಿಗೆ: ಶಿಶುಗೀತೆಯ ಯಾವುದೇ ಚಿತ್ರವನ್ನು ತರಗತಿಗೆ ಒಯ್ಯುವಾಗ ಐದು ಪ್ರಶ್ನೆ ಜೊತೆಗಿರಲಿ. ಆಡುತ್ತಿರುವವರು ಯಾರು? ನೋಡುತ್ತ ನಿಂತವರು ಯಾರು? ಎಲ್ಲಿ ಆಡುತ್ತಿದ್ದಾರೆ? ಕೈಯಲ್ಲಿ ಏನಿದೆ? ನಮ್ಮೂರಿನಲ್ಲಿ ಇದೇ ಆಟ ಹೇಗೆ? ಗ್ರೀನ್‌ಅವೇ, ಕಾಲ್ಡೆಕಾಟ್ ಇಬ್ಬರೂ ತೀರಿಕೊಂಡು ನೂರು ವರ್ಷ ದಾಟಿದೆ. ನಮ್ಮ ದೇಶದಲ್ಲಿ ಲೇಖಕರ ಮರಣದ ನಂತರ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುವುದರಿಂದ ಅವರ ಮೂಲ ಚಿತ್ರಗಳನ್ನೇ ಮುದ್ರಿಸಿಕೊಂಡು ಬಳಸಬಹುದು. ನಕಲಿನ ನಕಲು ಬೇಕಿಲ್ಲ.

ಶಾಲೆಗಳಲ್ಲಿ: ನಲಿಕಲಿ ಕೊಠಡಿಯಲ್ಲಿ ಮಕ್ಕಳ ಕೆಲಸ ತೂಗುಹಾಕಲೆಂದೇ ದಾರದ ಚಪ್ಪರವಿದೆ. ಮಕ್ಕಳ ಆಟದ ಚಿತ್ರಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳ ಗುಳ್ಳವ್ವ, ಪಂಚಮಿ ಹೀಗೆ ಆಟದ ಋತುಗಳನ್ನು ಹಿಡಿದು ವರ್ಷಕ್ಕೊಂದು ಚಿತ್ರಸಂಪುಟ ಹೊಲಿಯಬಹುದು. ನಾವು ಬೋಧನಾಭ್ಯಾಸ ಮುಗಿಸಿ ಬರುವಾಗ ಶಾಲೆಗೆ ಗೋಡೆ ಗಡಿಯಾರ, ಫೋಟೋ ಕೊಟ್ಟು ಬರುತ್ತೇವೆ. ಅದರ ಜೊತೆಗೆ ಈ ಸಂಪುಟವನ್ನೂ ಕೊಟ್ಟು ಬರೋಣ.

ಉಪನ್ಯಾಸಕರಲ್ಲಿ ವಿನಂತಿ: ಪಾಠ ವೀಕ್ಷಣೆಯ ನಮೂನೆಯಲ್ಲಿ ‘ಪಾಠೋಪಕರಣ’ ಎಂಬ ಕಲಮಿದೆ. ಅಲ್ಲಿ ಅಂಕ ಬೀಳುವುದು ಬಹುಪಾಲು ಅಂದ, ಅಕ್ಷರ, ಬಣ್ಣಕ್ಕೆ. ನಾವು ರಾತ್ರಿಯಿಡೀ ಕುಳಿತು ಚಾರ್ಟು ನಕಲು ಮಾಡುವುದು ಅದಕ್ಕಾಗಿಯೇ. ಆ ಅಂಕದ ಅರ್ಧವನ್ನು ಎರಡು ಸಂಗತಿಗೆ ಮೀಸಲಿಡಬೇಕು: ಉಪಕರಣದ ತಯಾರಿಯಲ್ಲಿ ಮಕ್ಕಳ ಕೈ ಎಷ್ಟಿತ್ತು, ಮತ್ತು ಅದನ್ನು ನೋಡಿ ಮಕ್ಕಳು ತಾವಾಗಿ ಎಷ್ಟು ಪ್ರಶ್ನೆ ಕೇಳಿದರು. ಮಗು ಸೊಟ್ಟಗೆ ಬಿಡಿಸಿದ ಚಿತ್ರ ನಮ್ಮ ನೇರ ಗೆರೆಯ ಚಾರ್ಟಿಗಿಂತ ಕಡಿಮೆ ಅಂಕ ತಂದರೆ, ಯಾವ ಪ್ರಶಿಕ್ಷಣಾರ್ಥಿಯೂ ಅದನ್ನು ವೀಕ್ಷಣೆಯ ದಿನ ಗೋಡೆಗೆ ಹಾಕುವ ಧೈರ್ಯ ಮಾಡುವುದಿಲ್ಲ. ಮುಂದಿನ ಸುತ್ತಿನ ನಮೂನೆ ಅಚ್ಚಿಗೆ ಹೋಗುವ ಮೊದಲು ಈ ಒಂದು ಕಲಮನ್ನು ವಿಭಾಗದ ಸಭೆಯಲ್ಲಿ ಚರ್ಚೆಗೆ ತರಬೇಕೆಂದು ಕೋರುತ್ತೇನೆ.